‘ಗೆಟ್’ ಬಳಸುವುದು ಹೇಗೆ? ಮೊದಲು ‘ಪಡೆ’ಯನ್ನು ಬಿಡಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಬರುವವರೆಲ್ಲ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ವ್ಯಾಕರಣ ಚೆನ್ನಾಗಿ ಗೊತ್ತು, ಆದರೆ ‘ಗೆಟ್’ ಬಂದ ಕಡೆ ಎಡವುತ್ತಾರೆ. ‘ಟು ಮಿ ಜಾಬ್ ಗಾಟ್’ ಅಂದವರೂ ಇದ್ದಾರೆ. ತಪ್ಪು ಅವರದಲ್ಲ. ‘ಗೆಟ್ ಅಂದರೆ ಪಡೆ’ ಎಂದು ಬಾಯಿಪಾಠ ಮಾಡಿಸಿದ್ದೇ ನಾವು. ಮನೆಯಲ್ಲಿ ಯಾರಾದರೂ ‘ಜ್ವರ ಪಡೆದೆ’ ಅಂತಾರಾ?

ಹೆಜ್ಜೆ 1: ರೂಪಗಳನ್ನು ಬರೆದುಕೊಳ್ಳಿ. ಗೆಟ್, ಗಾಟ್, ಗಾಟ್. ಅಮೆರಿಕದವರು ಮೂರನೆಯದಕ್ಕೆ ‘ಗಾಟನ್’ ಅನ್ನುತ್ತಾರೆ. ಎರಡೂ ಸರಿ.

ಹೆಜ್ಜೆ 2: ‘ನನಗೆ’ಯನ್ನು ‘ಐ’ ಮಾಡಿ. ನನಗೆ ಕೆಲಸ ಸಿಕ್ಕಿತು, ನನಗೆ ಜ್ವರ ಬಂತು, ನನಗೆ ಅರ್ಥವಾಯಿತು. ಕನ್ನಡದಲ್ಲಿ ಕ್ರಿಯಾಪದ ಮೂರು ಸಲ ಬದಲಾಯಿತು, ಇಂಗ್ಲಿಷಿನಲ್ಲಿ ಒಂದೇ ಸಾಕು: ‘ಐ ಗಾಟ್ ಎ ಜಾಬ್’, ‘ಐ ಗಾಟ್ ಎ ಫೀವರ್’, ‘ಐ ಗಾಟ್ ಇಟ್’. ಆದರೆ ‘ಆಗಿದೆ’ ಮತ್ತು ‘ಆಗ್ತಿದೆ’ ಬೇರೆ ಬೇರೆ. ಹಸಿವಾಗಿದೆ ಅಂದರೆ ‘ಐ ಆಮ್ ಹಂಗ್ರಿ’. ಹಸಿವಾಗ್ತಿದೆ ಅಂದರೆ ‘ಐ ಆಮ್ ಗೆಟಿಂಗ್ ಹಂಗ್ರಿ’. ಬದಲಾವಣೆ ನಡೀತಿದ್ದರೆ ಮಾತ್ರ ಗೆಟ್.

ಹೆಜ್ಜೆ 3: ಹತ್ತುವುದು, ಇಳಿಯುವುದು. ಚಿಗರಿ ಬಸ್ಸಿಗೆ, ರೈಲಿಗೆ, ಬೈಕಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್’. ಬಸ್ಸಿನಿಂದ ‘ಗೆಟ್ ಡೌನ್’ ಅನ್ನುವುದು ನಮ್ಮ ದೇಶದ ರೂಢಿ, ಹೊರಗಿನವರೊಂದಿಗೆ ಬೇಡ. ಹುಬ್ಬಳ್ಳಿ ಮುಟ್ಟಿದರೆ ‘ಗಾಟ್ ಟು ಹುಬ್ಬಳ್ಳಿ’. ಮನೆ ಮುಟ್ಟಿದರೆ ಬರೀ ‘ಗಾಟ್ ಹೋಮ್’, ನಡುವೆ ‘ಟು’ ಇಲ್ಲ.

ಹೆಜ್ಜೆ 4: ‘ಇಸು’. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ, ನಿಧಾನವಾಗಿ ಓದಿ.

‘ಸರ, ಐ ರಿಪೇರ್ಡ್ ಮೈ ಬೈಕ್ ಅಂದ್ರ ತಪ್ಪೇನ್ರಿ?’ ಎಂದು ಒಬ್ಬ ಹುಡುಗ ಕೇಳಿದ. ವಾಕ್ಯ ತಪ್ಪಲ್ಲ. ಆದರೆ ಅವನೇ ಪಾನಾ ಹಿಡಿದು ಕೂತಿದ್ದ ಅಂತ ಅರ್ಥ ಬರುತ್ತದೆ. ಅವನು ಗ್ಯಾರೇಜಿನಲ್ಲಿ ಮಾಡಿಸಿದ್ದ. ಕನ್ನಡದಲ್ಲಿ ‘ಮಾಡಿದೆ’, ‘ಮಾಡಿಸಿದೆ’ ನಡುವೆ ಒಂದೇ ಅಕ್ಷರದ ಫರಕು. ಇಂಗ್ಲಿಷಿನಲ್ಲಿ ಆ ‘ಇಸು’ವಿನ ಕೆಲಸವನ್ನು ಗೆಟ್ ಮಾಡುತ್ತದೆ: ‘ಐ ಗಾಟ್ ಮೈ ಬೈಕ್ ರಿಪೇರ್ಡ್’.

ಮೊದಲು ಗಾಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಈ ಸಾಲು ಕದಲಬಾರದು. ‘ಐ ಗಾಟ್ ಕಟ್ ಮೈ ಹೇರ್’ ತಪ್ಪು, ‘ಐ ಗಾಟ್ ಮೈ ಹೇರ್ ಕಟ್’ ಸರಿ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದರೆ ‘ಐ ಗಾಟ್ ದ ಜೋವಾರ್ ಗ್ರೌಂಡ್’. ಇಲ್ಲಿ ಹತ್ತರಲ್ಲಿ ಎಂಟು ಜನ ‘ಗ್ರೈಂಡೆಡ್’ ಬರೆಯುತ್ತಾರೆ. ಮೂರನೇ ರೂಪ ಬಾಯಿಗೆ ಬರುವ ತನಕ ಈ ಹೆಜ್ಜೆ ದಾಟಬೇಡಿ.

ಯಾರಿಂದ ಮಾಡಿಸಿದಿರಿ ಎಂದು ಹೇಳಬೇಕಾ? ಆಗ ಸಾಲು ಬದಲಾಗುತ್ತದೆ, ನಡುವೆ ‘ಟು’ ಬರುತ್ತದೆ: ‘ಐ ಗಾಟ್ ದ ಟೇಲರ್ ಟು ಸ್ಟಿಚ್ ಎ ಬ್ಲೌಸ್’. ಗಾಟ್ ಬದಲು ‘ಹ್ಯಾಡ್’ ಹಾಕಿದರೆ ಆ ‘ಟು’ ಬಿಡಬೇಕು. ಎರಡನ್ನೂ ಬೆರೆಸಬೇಡಿ. ನಾನಂತೂ ಮೊದಲ ಮೂರು ತಿಂಗಳು ಗೆಟ್ ಒಂದನ್ನೇ ಹೇಳಿಸುತ್ತೇನೆ.

ದಿನಕ್ಕೆ ಐದು ‘ಇಸು’ ವಾಕ್ಯ ಬರೆಯಿರಿ: ಹೊಲಿಸಿದೆ, ತೊಳೆಸಿದೆ, ಬಣ್ಣ ಹೊಡೆಸಿದೆ. ಗೆಟ್‌ಗೆ ಇಪ್ಪತ್ತು ಅರ್ಥ ಪಟ್ಟಿ ಮಾಡಿ, ಒಂದೂ ವಾಕ್ಯ ಕೊಡದ ಗೈಡುಗಳು ಬಸ್‌ಸ್ಟ್ಯಾಂಡಿನಲ್ಲಿ ಮಾರಾಟಕ್ಕಿರುತ್ತವೆ. ಸುಮ್ನೆ ದುಡ್ಡು ಹಾಕಬೇಡಿ.

ಹೆಜ್ಜೆ 5: ಬಿಡಿ ಬಳಕೆಗಳು. ಏಳುವುದಕ್ಕೆ ‘ಗೆಟ್ ಅಪ್’, ಹೊಂದಿಕೊಂಡಿರುವುದಕ್ಕೆ ‘ಗೆಟ್ ಅಲಾಂಗ್’. ಮದುವೆಯಾದರೆ ‘ಗಾಟ್ ಮ್ಯಾರಿಡ್ ಟು’, ‘ವಿತ್’ ಬೇಡ.

ಆಫೀಸಿಗೆ ಪತ್ರ ಬರೆಯುವಾಗ ಮಾತ್ರ ಗೆಟ್ ಕಡಿಮೆ ಮಾಡಿ. ‘ಐ ಗಾಟ್ ಯುವರ್ ಲೆಟರ್’ ಬದಲು ‘ಐ ರಿಸೀವ್ಡ್ ಯುವರ್ ಲೆಟರ್’ ಎಂದು ಬರೆಯಿರಿ.