ಕೌದಿ ಹೊಲಿಗೆಯ ದಿಂಬಿನ ಗವಸು: ಅಂಚು ಕಟ್ಟುವ, ಬಾಯಿ ಕೂಡಿಸುವ ಕ್ರಮ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕೌದಿ ಹೊಲಿಯುವ ಅನೇಕರು ಕೆಲಸವನ್ನು ಅಂಚಿನಿಂದಲೇ ಆರಂಭಿಸುತ್ತಾರೆ. ಹಳೆಯ ಸೀರೆ, ಧೋತರಗಳ ಪದರಗಳನ್ನು ಹಾಸಿ, ಅಂಚನ್ನು ಒಳಕ್ಕೆ ಮಡಚಿ, ಓಡು ಹೊಲಿಗೆಯಲ್ಲಿ ಸುತ್ತು ಸುತ್ತಾಗಿ ನಡುವಿನತ್ತ ಸಾಗುವುದು ಅವರ ರೂಢಿ. ದಿಂಬಿನ ಗವಸಿಗೆ ಈ ಕ್ರಮ ಹೊಂದುವುದಿಲ್ಲ. ಕೌದಿ ವರ್ಷಕ್ಕೆ ಕೆಲವೇ ಸಲ ನೀರು ಕಾಣುತ್ತದೆ. ಗವಸನ್ನು ನಮ್ಮ ಬಿಸಿಲಿಗೆ, ಧೂಳಿಗೆ ವಾರಕ್ಕೊಮ್ಮೆಯಾದರೂ ಒಗೆಯಬೇಕು, ಪ್ರತಿ ಸಲ ದಿಂಬನ್ನು ತೆಗೆದು ಹಾಕುವಾಗಲೂ ಅದರ ಬಾಯಿಯ ಎರಡು ಬದಿಗಳ ಮೇಲೆ ಎಳೆತ ಬೀಳುತ್ತದೆ. ಆದ್ದರಿಂದ ಇಲ್ಲಿ ಮೊದಲು ಹೊಲಿಗೆ ತುಂಬಿ, ಅಳತೆಗೆ ಕತ್ತರಿಸಿ, ಹಿಂಬದಿಯನ್ನು ಕೂಡಿಸಿ, ಎಲ್ಲಕ್ಕೂ ಕೊನೆಯಲ್ಲಿ ಅಂಚು ಕಟ್ಟಬೇಕು.

ಇಲ್ಲಿ ಕೊಟ್ಟಿರುವ ಅಳತೆ 17 ಇಂಚು ಅಗಲ, 27 ಇಂಚು ಉದ್ದದ ಸಾಮಾನ್ಯ ದಿಂಬಿನದು. ಹೊಲಿಗೆ ತುಂಬುತ್ತ ಹೋದಂತೆ ಬಟ್ಟೆ ಕುಗ್ಗುವುದರಿಂದ ಮುಂಬದಿಯ ಪದರಗಳನ್ನು 20ಕ್ಕೆ 30 ಇಂಚಿನಷ್ಟು ದೊಡ್ಡದಾಗಿಯೇ ಇಟ್ಟುಕೊಳ್ಳಿ. ಹೊಲಿಗೆ ಮುಗಿದ ಮೇಲೆ ಮೂಲೆಮಟ್ಟ ಹಿಡಿದು 18ಕ್ಕೆ 28 ಇಂಚಿಗೆ ಕತ್ತರಿಸಿ. ಮೂರು ನಾಲ್ಕು ಪದರ ಸಾಕು. ಅದಕ್ಕಿಂತ ಹೆಚ್ಚಾದರೆ ಗವಸು ಒಣಗುವುದೂ ತಡ, ಮೂಲೆ ಮಡಚುವುದೂ ಕಷ್ಟ. ಹಳೆಯ ಸೀರೆಯ ಜೊತೆಗೆ ಅಂಗಡಿಯಿಂದ ತಂದ ಹೊಸ ಹತ್ತಿ ಬಟ್ಟೆಯನ್ನು ಸೇರಿಸುವುದಾದರೆ ಹೊಸದನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಸೀರೆ ಕುಗ್ಗುವಷ್ಟು ಎಂದೋ ಕುಗ್ಗಿರುತ್ತದೆ, ಹೊಸ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಇಬ್ಬರ ಜಗಳದಲ್ಲಿ ಅಂಚು ನಿರಿಗೆಗಟ್ಟುತ್ತದೆ. ಕತ್ತರಿಸಿದ ಕೂಡಲೇ ಅಂಚಿನಿಂದ ಕಾಲು ಇಂಚಿಗೂ ಕಡಿಮೆ ದೂರದಲ್ಲಿ ಸುತ್ತಲೂ ಒಂದು ಉದ್ದ ಹೊಲಿಗೆ ಹಾಕಿಬಿಟ್ಟರೆ ಪದರಗಳು ಸರಿಯುವುದಿಲ್ಲ.

ಇನ್ನು ಬಾಯಿ. ಜಿಪ್ಪು, ಗುಂಡಿ, ಲಾಡಿ ಎಲ್ಲವೂ ಇದ್ದರೂ ನನ್ನ ಮತ ಒಂದರ ಮೇಲೊಂದು ಬರುವ ಎರಡು ತುಂಡುಗಳ ಹಿಂಬದಿಗೇ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಹೊಲಿಗೆ ತುಂಬದ ಸಾದಾ ಹತ್ತಿ ಬಟ್ಟೆಯಲ್ಲಿ 18 ಇಂಚು ಅಗಲದ ಎರಡು ತುಂಡುಗಳನ್ನು, ಒಂದು 24 ಇಂಚು, ಇನ್ನೊಂದು 12 ಇಂಚು ಉದ್ದ ಬರುವಂತೆ ಕತ್ತರಿಸಿ. ಪ್ರತಿ ತುಂಡಿನ 18 ಇಂಚಿನ ಒಂದು ಅಂಚನ್ನು ಮೊದಲು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿ ಇಸ್ತ್ರಿ ಮಾಡಿ ಹೊಲಿದರೆ 22.5 ಮತ್ತು 10.5 ಇಂಚಿನ ತುಂಡುಗಳು ಉಳಿಯುತ್ತವೆ. ಎರಡೂ ಕೂಡಿ 33 ಇಂಚು. ಗವಸಿನ ಉದ್ದ 28 ಆದ್ದರಿಂದ 5 ಇಂಚು ಒಂದರ ಮೇಲೊಂದು ಬರುತ್ತದೆ. ಇದಕ್ಕಿಂತ ಕಡಿಮೆ ಬಿಟ್ಟರೆ ದಿಂಬು ಉಬ್ಬಿದಾಗ ಬಾಯಿ ತೆರೆದುಕೊಂಡು ಒಳಗಿನ ದಿಂಬು ಇಣುಕುತ್ತದೆ. ಎರಡು ತುಂಡುಗಳನ್ನು ಸಮನಾಗಿ ಕತ್ತರಿಸುವವರೂ ಇದ್ದಾರೆ, ಆದರೆ ಆಗ ಮಡಿಕೆ ದಿಂಬಿನ ನಟ್ಟನಡುವೆ ಬಂದು, ದಿಂಬನ್ನು ಮಗುಚಿ ಹಾಕಿಕೊಂಡ ರಾತ್ರಿ ಕೆನ್ನೆಗೆ ಒತ್ತುತ್ತದೆ.

ಮುಂಬದಿಯನ್ನು ಮೋರೆ ಕೆಳಗಾಗಿ ಮೇಜಿನ ಮೇಲೆ ಹಾಸಿ. ಅದರ ಮೇಲೆ ಚಿಕ್ಕ ತುಂಡನ್ನು ಒಂದು ತುದಿಗೆ, ಆಮೇಲೆ ದೊಡ್ಡದನ್ನು ಇನ್ನೊಂದು ತುದಿಗೆ, ಎರಡರ ಮೋರೆಯೂ ಮೇಲಿರುವಂತೆ ಇಡಿ. ಹೀಗಿಟ್ಟರೆ ಬಾಯಿಯ ಗೆರೆ ತುದಿಯಿಂದ ಐದೂವರೆ ಇಂಚಿನಲ್ಲಿ ಬೀಳುತ್ತದೆ, ಚಿಕ್ಕ ತುಂಡು ದಿಂಬಿನ ತುದಿಯನ್ನು ಹಿಡಿದಿಡುವ ಜೇಬಾಗುತ್ತದೆ. ಗುಂಡುಸೂಜಿ ಚುಚ್ಚಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ. ಮಡಿಕೆ ಅಂಚನ್ನು ಮುಟ್ಟುವ ಜಾಗಗಳಲ್ಲಿ ಮಾತ್ರ ಮಿಷನ್ನನ್ನು ಹಿಂದೆ ಮುಂದೆ ಮೂರು ಸಲ ಓಡಿಸಿ. ಗವಸು ಹರಿದರೆ ಮೊದಲು ಹರಿಯುವುದು ಅಲ್ಲೇ.

ಅಂಚಿನ ಪಟ್ಟಿಗೆ ಎರಡೂವರೆ ಇಂಚು ಅಗಲದ ಬಟ್ಟೆ ಬೇಕು. ಸುತ್ತಳತೆ 92 ಇಂಚು. ಮೂಲೆಗೂ ಕೂಡುವಿಕೆಗೂ ಸೇರಿಸಿ 104 ಇಂಚು ಇಟ್ಟುಕೊಳ್ಳಿ. ಅಂಚು ನೇರವಾಗಿರುವುದರಿಂದ ಓರೆಯಾಗಿ ಕತ್ತರಿಸಿದ ಪಟ್ಟಿ ಬೇಕಿಲ್ಲ, ಮೂಲೆಗಳನ್ನು ದುಂಡಾಗಿಸಿದರೆ ಮಾತ್ರ ಬೇಕು. ತುಂಡುಗಳನ್ನು ಜೋಡಿಸುವಾಗಲಾದರೋ ಓರೆಯಾಗಿಯೇ ಹೊಲಿಯಿರಿ, ದಪ್ಪ ಒಂದೇ ಕಡೆ ಗಂಟಾಗುವುದಿಲ್ಲ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಅದರ ಬಿಚ್ಚಿದ ಬದಿಯನ್ನು ಗವಸಿನ ಮುಂಬದಿಯ ಅಂಚಿಗೆ ಸರಿಹೊಂದಿಸಿ, ಮೂಲೆಯಿಂದಲ್ಲದೆ ಒಂದು ಬದಿಯ ನಡುವಿನಿಂದ, ಆರು ಇಂಚು ಬಾಲ ಬಿಟ್ಟು, ಕಾಲು ಇಂಚಿನಲ್ಲಿ ಹೊಲಿಯಲು ಆರಂಭಿಸಿ.

ಮೂಲೆಗೆ ಕಾಲು ಇಂಚು ಇರುವಾಗಲೇ ಹೊಲಿಗೆ ನಿಲ್ಲಿಸಿ ನೂಲು ಕತ್ತರಿಸಿ. ಪಟ್ಟಿಯನ್ನು ಗವಸಿನಿಂದ ಹೊರಕ್ಕೆ, ಮುಂದಿನ ಬದಿಯ ನೇರಕ್ಕೆ ಬರುವಂತೆ ತಿರುಗಿಸಿದರೆ ಮೂಲೆಯಲ್ಲಿ ಓರೆ ಮಡಿಕೆಯೊಂದು ತಾನಾಗಿ ಬೀಳುತ್ತದೆ. ಅದನ್ನು ಬೆರಳಿನಿಂದ ಒತ್ತಿಹಿಡಿದು ಪಟ್ಟಿಯನ್ನು ಮತ್ತೆ ಕೆಳಕ್ಕೆ ಮಡಚಿ, ಮುಂದಿನ ಬದಿಯನ್ನು ಅಂಚಿನಿಂದಲೇ ಹೊಲಿಯಿರಿ. ಸುತ್ತು ಮುಗಿದಾಗ ಒಂದು ಬಾಲದ ತುದಿಯನ್ನು ಒಳಕ್ಕೆ ಮಡಚಿ, ಇನ್ನೊಂದನ್ನು ಅದರೊಳಗೆ ತೂರಿಸಿ ಹೊಲಿದುಬಿಡಬಹುದು. ಬಳಿಕ ಪಟ್ಟಿಯನ್ನು ಹಿಂಬದಿಗೆ ತಿರುವಿ, ಮಿಷನ್ ಹೊಲಿಗೆಯ ಗೆರೆ ಮುಚ್ಚುವಂತೆ ಕೈಯಿಂದ ಹೆಮ್ಮಿಂಗ್ ಮಾಡಿ. ಪಟ್ಟಿಯ ಒಳಗೆ ಪದರಗಳು ತುಂಬಿರಬೇಕು. ತೆಳುವಾಗಲೆಂದು ಅಂಚನ್ನು ಕತ್ತರಿಸಿದರೆ ಪೊಳ್ಳಾದ ಪಟ್ಟಿ ಬೇಗ ಸವೆಯುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ತುಂಡುಗಳು ಸುಲಭವಾಗಿ ಸಿಗುತ್ತವೆಂದು ಅದರಲ್ಲೇ ಪಟ್ಟಿ ಮಾಡಲು ಹೋಗಿ ನಾನು ಒಂದೇ ಮೂಲೆಯಲ್ಲಿ ಎರಡು ಸೂಜಿ ಮುರಿದಿದ್ದೇನೆ. ಜೀನ್ಸ್ ಬಳಸಲೇಬೇಕೆಂದರೆ ಹಿಂಬದಿಗೆ ತೆಳುವಾದದ್ದನ್ನು ಆರಿಸಿ, 16 ನಂಬರಿನ ಸೂಜಿ ಹಾಕಿ, ಪಟ್ಟಿಯನ್ನು ಮಾತ್ರ ಹತ್ತಿ ಬಟ್ಟೆಯದೇ ಇರಿಸಿ. ಸಂಡೂರಿನ ಲಂಬಾಣಿ ಕಸೂತಿಯ ತುಂಡನ್ನು ಮುಂಬದಿಗೆ ಬಳಸುವವರು ಕನ್ನಡಿ, ಕವಡೆಗಳು ಅಂಚಿನಿಂದ ಕನಿಷ್ಠ ಎರಡು ಇಂಚು ಒಳಗಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಮಿಷನ್ನಿನ ಪಾದ ದಾಟುವುದಿಲ್ಲ. ಅಂಥ ಗವಸು ತಲೆಯಿಡುವುದಕ್ಕಿಂತ ದಿವಾನದ ಮೇಲೆ ಒರಗುವುದಕ್ಕೇ ಲೇಸು.

ಗುಂಡಿ ಬೇಕೆನ್ನುವವರು ದೊಡ್ಡ ತುಂಡಿನ ಮಡಿಕೆಯಲ್ಲಿ ಮೂರು ಕಾಜಾ ಮಾಡಿಸಿ, ಗುಂಡಿಗಳನ್ನು ಚಿಕ್ಕ ತುಂಡಿಗೆ ಹಚ್ಚಲಿ. ಲಾಡಿಯಾದರೆ ಎರಡು ಜೊತೆ ಸಾಕು, ಅವುಗಳ ಬುಡವನ್ನು ಮಡಿಕೆ ಹೊಲಿಯುವಾಗಲೇ ಒಳಗೆ ಸಿಕ್ಕಿಸಬೇಕು. ಜಿಪ್ಪನ್ನು ಹಿಂಬದಿಯ ಬಟ್ಟೆಗೆ, ಅಂಚು ಕಟ್ಟುವ ಮೊದಲೇ ಹಚ್ಚಬೇಕು, ಕಟ್ಟುವಾಗ ಅದನ್ನು ಅರ್ಧ ತೆರೆದಿಟ್ಟು ಎರಡು ತುದಿಗಳು ಪಟ್ಟಿಯೊಳಗೆ ಸೇರುವಂತೆ ಹೊಲಿಯಬೇಕು. ಆ ಜಾಗದಲ್ಲಿ ಲೋಹದ ಹಲ್ಲಿನ ಜಿಪ್ಪಾದರೆ ಮಿಷನ್ನಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ.