ಗೋಡೆಯ ಹಾವಸೆಯಿಂದ ವಂಶವೃಕ್ಷದವರೆಗೆ: ಸೂಕ್ಷ್ಮಪ್ರಾಣಿಗಳ ಜೀನೋಮ್ ಕೆಲಸ ಮಾಡುವ ಬಗೆ

ಧಾರವಾಡದ ಹಳೆಯ ಕಂಪೌಂಡ್ ಗೋಡೆಗಳ ಮೇಲೆ ಮಳೆಗಾಲದಲ್ಲಿ ಹಸಿರಾಗಿ, ಮಾರ್ಚ್ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗುವ ಹಾವಸೆಯಲ್ಲಿ ನೀರುಕರಡಿ (ಎಂಟು ಕಾಲಿನ ಟಾರ್ಡಿಗ್ರೇಡ್), ರೋಟಿಫರ್ (ತಲೆಯ ಮೇಲೆ ರೋಮದ ಚಕ್ರವಿರುವ ಪ್ರಾಣಿ), ಜಂತುಹುಳು (ನೆಮಟೋಡ್) ಮೂರೂ ಸಿಗುತ್ತವೆ. ಇವುಗಳ ನಂಟನ್ನು ಆಕಾರ ನೋಡಿ ಹೇಳುವುದು ಕಷ್ಟ. ಮೈ ಚಿಕ್ಕದಾಗುತ್ತ ಬಂದಂತೆ ಎಷ್ಟೋ ಅಂಗಗಳೇ ಕಳೆದುಹೋಗಿವೆ, ಹೋಲಿಸಲು ಉಳಿದಿರುವುದು ಕಡಿಮೆ. ಹಾಗಾಗಿ ಜೀನೋಮ್, ಅಂದರೆ ಪ್ರಾಣಿಯ ಇಡೀ ಡಿಎನ್‌ಎ, ಬೇಕಾಗುತ್ತದೆ. ಈ ಕೆಲಸ ಬಹುತೇಕ ಕೆಡುವುದು ಒಂದೇ ಕಾರಣಕ್ಕೆ: ಟ್ಯೂಬಿನಲ್ಲಿರುವ ಡಿಎನ್‌ಎ ಯಾರದು ಎಂದು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗುವುದು. ಅದಕ್ಕೆ ಇಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಸಂಗ್ರಹ

ಅಂಗೈಯಗಲದ ಹಾವಸೆ ಅಥವಾ ಕಲ್ಲುಹೂವು ಸಾಕು. ಚಾಕುವಿನಿಂದ ಬುಡಸಮೇತ ಎಬ್ಬಿಸಿ ಕಾಗದದ ಲಕೋಟೆಯಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಬರುತ್ತದೆ, ಪ್ರಾಣಿಗಳು ಸಾಯುತ್ತವೆ. ನಿಧಾನವಾಗಿ ಒಣಗಿದರೆ ನೀರುಕರಡಿ ಕಾಲು ಒಳಗೆಳೆದುಕೊಂಡು ಗುಂಡಗಾಗಿ ತಿಂಗಳುಗಟ್ಟಲೆ ತಡೆಯುತ್ತದೆ. ಹೀಗಾಗಿ ಗದಗಿನ ಬೇಸಿಗೆಯಲ್ಲಿ ಎತ್ತಿದ ಒಣ ಹಾವಸೆಯೂ ಕೆಲಸಕ್ಕೆ ಬರುತ್ತದೆ. ಲಕೋಟೆಯ ಮೇಲೆ ದಿನಾಂಕ, ಅಕ್ಷಾಂಶ-ರೇಖಾಂಶ, ಗೋಡೆಯೋ ಮರವೋ ಹಂಚೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ.

ಲಕ್ಕುಂಡಿಯ ಸಂರಕ್ಷಿತ ಗುಡಿ-ಬಾವಿಗಳ ಕಲ್ಲಿನಿಂದ ಏನನ್ನೂ ಕೆರೆಯಬೇಡಿ. ಕಪ್ಪತಗುಡ್ಡ ವನ್ಯಜೀವಿ ಧಾಮ, ಹಾಗಾಗಿ ಅಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು, ಲಕೋಟೆ ಆಮೇಲೆ. ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ವಿಧಿಗಳನ್ನು ಮೊದಲೇ ಪೂರೈಸಿಕೊಳ್ಳಬೇಕು.

ಪ್ರಾಣಿಗಳನ್ನು ಎಬ್ಬಿಸಲು ಹಾವಸೆಯನ್ನು ಪೆಟ್ರಿ ತಟ್ಟೆಯಲ್ಲಿ ತಲೆಕೆಳಗಾಗಿ ಇಟ್ಟು, ಕ್ಲೋರಿನ್ ಇಲ್ಲದ ನೀರು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಿಂಡಿ, ಆ ನೀರನ್ನು ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ 20ರಿಂದ 40 ಪಟ್ಟು ದೊಡ್ಡದು ಮಾಡಿ ನೋಡಿ. ಮಣ್ಣಿನ ಜಂತುಹುಳುವಿಗೆ ಬೇರ್ಮನ್ ಫನಲ್ ಸಾಕು: ಫನಲಿನ ಬಾಯಿಗೆ ಜಾಲರಿ, ಅದರ ಮೇಲೆ ತೆಳು ಅರಿವೆ, ಅರಿವೆಯಲ್ಲಿ 100 ಗ್ರಾಂ ಮಣ್ಣು, ಮಣ್ಣು ನೆನೆಯುವಷ್ಟು ನೀರು. ಒಂದೆರಡು ದಿನದಲ್ಲಿ ಹುಳುಗಳು ಕೆಳಗಿನ ರಬ್ಬರ್ ಕೊಳವೆಗೆ ಇಳಿದಿರುತ್ತವೆ. ಕ್ಲಿಪ್ ಸಡಿಲಿಸಿ ಮೊದಲ 10 ಮಿ.ಲೀ. ಹಿಡಿಯಿರಿ. ಎರೆಮಣ್ಣನ್ನು ಅರಿವೆಯ ಮೇಲೆ ದಪ್ಪಗೆ ಹಾಕಿದರೆ ಅದು ಉಬ್ಬಿ ಅಂಟಾಗಿ ಹುಳುವಿಗೆ ದಾರಿಯೇ ಇರುವುದಿಲ್ಲ. ತೆಳುವಾಗಿ ಹರಡಿ.

ಒಂದು ಪ್ರಾಣಿ, ಒಂದು ಟ್ಯೂಬು

ಹಿಡಿದ ಪ್ರಾಣಿಯನ್ನು ಒಂದು-ಎರಡು ದಿನ ಶುದ್ಧ ನೀರಿನಲ್ಲಿ ಉಪವಾಸ ಇಡಿ, ಹೊಟ್ಟೆ ಖಾಲಿಯಾಗಲಿ. ತಿಂದದ್ದೂ ಡಿಎನ್‌ಎಯೇ. ಆಮೇಲೆ ಸಣ್ಣ ಪಿಪೆಟ್ಟಿನಿಂದ ಎತ್ತಿ, ಸ್ಟೆರೈಲ್ ನೀರಿನ ಐದು ಬೇರೆ ಬೇರೆ ಹನಿಗಳಲ್ಲಿ ಒಂದಾದ ಮೇಲೊಂದರಂತೆ ತೊಳೆಯಿರಿ. ಪ್ರತಿ ಹನಿಗೆ ಹೊಸ ತುದಿ.

ಟ್ಯೂಬಿಗೆ ಹಾಕುವ ಮೊದಲು ಫೋಟೊ ಕಡ್ಡಾಯ. ನೀರುಕರಡಿಯಾದರೆ ಉಗುರು ಮತ್ತು ಬಾಯಿನಳಿಗೆ, ರೋಟಿಫರ್ ಆದರೆ ದವಡೆ, ಜಂತುಹುಳುವಾದರೆ ತಲೆ ಮತ್ತು ಬಾಲ. ಅದೇ ಹಾವಸೆಯ ಇನ್ನೆರಡು-ಮೂರು ಪ್ರಾಣಿಗಳನ್ನು ಸ್ಲೈಡ್ ಮಾಡಿ ಇಡಿ. ಸಿಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಓದು) ಬಂದ ಮೇಲೆ ಯಾವ ಜಾತಿ ಎಂದು ಕೇಳಿದರೆ ತೋರಿಸಲು ಅದೊಂದೇ ಸಾಕ್ಷಿ.

ಜಾತಿ ಗುರುತಿಸಲು, ನಂಟು ಹೇಳಲು ಬಳಸುವ 18ಎಸ್ ಮತ್ತು ಸಿಒಐ ಎಂಬ ಎರಡು ಜೀನ್ ಮಾತ್ರ ಬೇಕಿದ್ದರೆ 50 ಮೈಕ್ರೊಲೀಟರ್ ಶೇ. 5ರ ಚೆಲೆಕ್ಸ್‌ಗೆ (ಲೋಹದ ಅಯಾನು ಹಿಡಿಯುವ ರಾಳದ ಮಣಿಗಳು) ಸ್ವಲ್ಪ ಪ್ರೋಟೀನೇಸ್-ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಸೇರಿಸಿ, 55 ಡಿಗ್ರಿಯಲ್ಲಿ ಕೆಲವು ತಾಸು, ಆಮೇಲೆ 95 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಆಯಿತು. ಚೆಲೆಕ್ಸ್ ಮಣಿ ಪಿಸಿಆರ್‌ಗೆ (ಬೇಕಾದ ಡಿಎನ್‌ಎ ತುಂಡನ್ನು ಪ್ರತಿ ಮಾಡಿ ಹೆಚ್ಚಿಸುವ ಕ್ರಿಯೆ) ಹೋಗದಂತೆ ನೋಡಿಕೊಳ್ಳಿ. ಅದು ಮೆಗ್ನೀಸಿಯಂ ಹಿಡಿದುಕೊಂಡು ಕಿಣ್ವದ ಕೆಲಸ ನಿಲ್ಲಿಸುತ್ತದೆ. ಮಣ್ಣಿನ ಮಾದರಿಯಲ್ಲಿ ಪಿಸಿಆರ್ ಬರದಿದ್ದರೆ ಮಣ್ಣಿನಲ್ಲಿರುವ, ಪಿಸಿಆರ್ ತಡೆಯುವ ಹ್ಯೂಮಿಕ್ ಆಮ್ಲದ ಕಾಟ ಇರಬಹುದು. ಹತ್ತು ಪಟ್ಟು ತೆಳುವಾಗಿಸಿ ನೋಡಿ, ಇಲ್ಲವೇ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ. ಕುದಿಸಿದ ಚೆಲೆಕ್ಸ್ ಡಿಎನ್‌ಎ ಒಂಟಿ ಎಳೆಯಾಗಿರುವುದರಿಂದ ಸಾಮಾನ್ಯ ಜೀನೋಮ್ ಲೈಬ್ರರಿಗೆ (ಯಂತ್ರ ಓದುವಂತೆ ಸಿದ್ಧಪಡಿಸಿದ ಡಿಎನ್‌ಎ ತುಂಡುಗಳು) ಬರುವುದಿಲ್ಲ.

ಇಡೀ ಜೀನೋಮ್ ಬೇಕೆಂದರೆ ಅಡ್ಡಿಯಾಗುವುದು ಡಿಎನ್‌ಎಯ ಪ್ರಮಾಣ. ಒಂದು ನೀರುಕರಡಿಯಲ್ಲಿ ಸಿಗುವುದು ಹೆಚ್ಚೆಂದರೆ ನೂರಿನ್ನೂರು ಪಿಕೊಗ್ರಾಂ. ಡಿಎನ್‌ಎ ಅಳೆಯುವ ನ್ಯಾನೊಡ್ರಾಪ್ ಯಂತ್ರ ಇದನ್ನು ಕಾಣುವುದಿಲ್ಲ, ಅದಕ್ಕಿಂತ ಸೂಕ್ಷ್ಮವಾದ ಕ್ಯೂಬಿಟ್‌ಗೂ ಇದು ಅಂಚಿನ ಅಳತೆ. ದಾರಿ ಎರಡು. ಗಂಡಿಲ್ಲದೆ ಮರಿ ಹಾಕುವ ಜಾತಿಯಾದರೆ ಒಂದೇ ಹೆಣ್ಣಿನಿಂದ ಸಾಕಣೆ ಬೆಳೆಸಿ ಸಾವಿರಾರು ಪ್ರಾಣಿಗಳಿಂದ ಡಿಎನ್‌ಎ ಒಟ್ಟಿಗೆ ತೆಗೆಯುವುದು; ಸಾಧ್ಯವಿದ್ದಲ್ಲೆಲ್ಲ ಇದೇ ಒಳ್ಳೆಯದು. ಇಲ್ಲದಿದ್ದರೆ ಅತಿ ಕಡಿಮೆ ಡಿಎನ್‌ಎಗೆಂದೇ ಮಾಡಿದ ಲೈಬ್ರರಿ ಕಿಟ್. ಫೈ29 ಕಿಣ್ವದಿಂದ ಇಡೀ ಜೀನೋಮ್ ಹೆಚ್ಚಿಸುವ ವಿಧಾನ ಸುಲಭವೆನಿಸಿದರೂ ಅದು ಕೆಲವು ಭಾಗಗಳನ್ನು ಸಾವಿರ ಪಟ್ಟು, ಕೆಲವನ್ನು ಏನೂ ಇಲ್ಲ ಎಂಬಷ್ಟು ಹೆಚ್ಚಿಸುತ್ತದೆ, ಸಂಬಂಧವಿಲ್ಲದ ತುಂಡುಗಳನ್ನು ಅಂಟಿಸುತ್ತದೆ, ಜೊತೆಗಿದ್ದ ಬ್ಯಾಕ್ಟೀರಿಯಾವನ್ನೂ ಬೆಳೆಸುತ್ತದೆ. ಯಾವ ದಾರಿ ಹಿಡಿದರೂ ಕೊನೆಯ ತೊಳೆದ ನೀರನ್ನು ಪ್ರಾಣಿಯಿಲ್ಲದ ಟ್ಯೂಬಿನಲ್ಲಿ ಹಾಕಿ, ಅದನ್ನೂ ಸಿಕ್ವೆನ್ಸ್ ಮಾಡಿಸಿ. ಹಣ ಉಳಿಸಲು ಬಹಳ ಜನ ಬಿಡುವುದು ಇದನ್ನೇ, ಮುಂದೆ ಬೇಕಾಗುವುದೂ ಇದೇ.

10 ಕೋಟಿ ಅಕ್ಷರದ ಜೀನೋಮಿಗೆ 150 ಅಕ್ಷರದ ರೀಡುಗಳು (ಯಂತ್ರ ಓದಿದ ತುಂಡುಗಳು) ಎರಡು ಕೋಟಿ ಜೋಡಿ ಬಂದರೆ ಸುಮಾರು 60 ಪಟ್ಟು ಆವರಿಕೆ, ಅಂದರೆ ಪ್ರತಿ ಅಕ್ಷರವನ್ನೂ ಸರಾಸರಿ 60 ಸಲ ಓದಿದಂತೆ. ಅದರಲ್ಲಿ ಬ್ಯಾಕ್ಟೀರಿಯಾದ ಪಾಲು ಇದ್ದೇ ಇರುತ್ತದೆ, ಎರಡರಷ್ಟು ಕೇಳಿ.

ಯಾರ ಡಿಎನ್‌ಎ?

2015ರಲ್ಲಿ ನೀರುಕರಡಿಯ ಒಂದು ಜೀನೋಮ್ ಪ್ರಕಟವಾಯಿತು: ಆರರಲ್ಲಿ ಒಂದು ಜೀನ್ ಬ್ಯಾಕ್ಟೀರಿಯಾ ಮೊದಲಾದ ಬೇರೆ ಜೀವಿಗಳಿಂದ ಬಂದದ್ದು ಎಂದು. ಎಡಿನ್‌ಬರೋ ತಂಡ ಅದೇ ಪ್ರಾಣಿಯ ಜೀನೋಮನ್ನು ತಾನೇ ಓದಿ, 2016ರಲ್ಲಿ ಆ ಜೀನ್‌ಗಳಲ್ಲಿ ಹೆಚ್ಚಿನವು ಮಾದರಿಯ ಜೊತೆಗಿದ್ದ ಬ್ಯಾಕ್ಟೀರಿಯಾದವೆಂದು ತೋರಿಸಿತು. ಮೊದಲ ಜೋಡಣೆ (ರೀಡುಗಳನ್ನು ಸೇರಿಸಿ ಕಟ್ಟಿದ ಜೀನೋಮ್) 21.2 ಕೋಟಿ ಅಕ್ಷರ ಉದ್ದವಿತ್ತು, ಕಲಬೆರಕೆ ತೆಗೆದ ಎರಡನೆಯದು 13.5 ಕೋಟಿ. ವ್ಯತ್ಯಾಸ ಅಷ್ಟು ದೊಡ್ಡದಾಗಿರುತ್ತದೆ.

ಅದಕ್ಕೇ ಫಾಸ್ಟ್‌ಪಿ ಎಂಬ ತಂತ್ರಾಂಶದಲ್ಲಿ ರೀಡುಗಳನ್ನು ಶುದ್ಧಗೊಳಿಸಿ, ಸ್ಪೇಡ್ಸ್ ಎಂಬ ಇನ್ನೊಂದರಲ್ಲಿ ಜೋಡಿಸಿದ ಕೂಡಲೇ ಜೀನ್ ಹುಡುಕಲು ಹೋಗಬೇಡಿ. ಬ್ಲಾಬ್‌ಟೂಲ್ಸ್ ತಂತ್ರಾಂಶದಲ್ಲಿ ಪ್ರತಿ ತುಂಡಿನ ಜಿಸಿ ಪ್ರಮಾಣ (ಜಿ ಮತ್ತು ಸಿ ಅಕ್ಷರಗಳ ಪಾಲು), ಆವರಿಕೆ, ಗೊತ್ತಿರುವ ಯಾವ ಜೀವಿಗೆ ಹತ್ತಿರದ ಹೋಲಿಕೆ ಮೂರನ್ನೂ ಒಂದೇ ಚಿತ್ರದಲ್ಲಿ ಹಾಕಿ. ಪ್ರಾಣಿಯ ತುಂಡುಗಳು ಒಂದು ಮೋಡದಂತೆ ಕೂಡುತ್ತವೆ, ಬ್ಯಾಕ್ಟೀರಿಯಾದವು ದೂರದಲ್ಲಿ ಬೇರೆ ಮೋಡಗಳಾಗುತ್ತವೆ. ಪ್ರಾಣಿಯಿಲ್ಲದ ಟ್ಯೂಬಿನಲ್ಲೂ ಕಂಡ ತುಂಡುಗಳನ್ನು ಮೊದಲು ತೆಗೆಯಿರಿ.

ಹಾಗೆಂದು ಬ್ಯಾಕ್ಟೀರಿಯಾದಂತೆ ಕಂಡದ್ದನ್ನೆಲ್ಲ ಎಸೆಯುವುದೂ ತಪ್ಪು. ಬ್ಡೆಲಾಯ್ಡ್ ಎಂಬ ಗುಂಪಿನ ರೋಟಿಫರ್‌ಗಳಲ್ಲಿ ಸುಮಾರು ಶೇ. 8 ಜೀನ್ ನಿಜಕ್ಕೂ ಹೊರಗಿನಿಂದ ಬಂದವು. ಅನುಮಾನದ ಜೀನ್ ಇರುವ ತುಂಡಿನಲ್ಲೇ ಅಕ್ಕಪಕ್ಕ ಪ್ರಾಣಿಯ ಜೀನ್ ಇದೆಯೇ, ಇಂಟ್ರಾನ್ (ಪ್ರಾಣಿಗಳ ಜೀನ್ ನಡುವೆ ಬರುವ, ಪ್ರೋಟೀನ್ ಸೂಚಿಸದ ಭಾಗ) ಇದೆಯೇ, ಆವರಿಕೆ ಉಳಿದ ಜೀನೋಮಿನಷ್ಟೇ ಇದೆಯೇ ನೋಡಿ. ಮೂರೂ ಹೌದಾದರೆ ಇಟ್ಟುಕೊಳ್ಳಿ.

ಸ್ಪೇಡ್ಸ್‌ಗೆ 64 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು. ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇರಲಿ. ಆದರೂ ನಿಂತರೆ ಸ್ಪೇಡ್ಸ್‌ನ 'ಕಂಟಿನ್ಯೂ' ಆಯ್ಕೆ ನಿಂತಲ್ಲಿಂದ ಮುಂದುವರಿಸುತ್ತದೆ. ಮುಂದೆ ಮರ ಕಟ್ಟಲು ಬಳಸುವ ಐಕ್ಯೂ-ಟ್ರೀ ಅದನ್ನು ತಾನೇ ಮಾಡುತ್ತದೆ.

ಜೀನ್ ಆಯ್ಕೆ ಮತ್ತು ಮರ

ಬುಸ್ಕೊ ಎಂಬುದು ಎಲ್ಲ ಪ್ರಾಣಿಗಳಲ್ಲೂ ಒಂದೇ ಪ್ರತಿ ಇರಬೇಕೆಂದು ನಿರೀಕ್ಷಿಸುವ ಜೀನ್‌ಗಳ ಪಟ್ಟಿ ಹಿಡಿದು ಜೋಡಣೆ ಎಷ್ಟು ಪೂರ್ಣ ಎಂದು ಅಳೆಯುವ ತಂತ್ರಾಂಶ; ಅದರ ಓಡಿಬಿ10 ಆವೃತ್ತಿಯ ಪ್ರಾಣಿಗಳ ಪಟ್ಟಿಯಲ್ಲಿ 954 ಜೀನ್‌ಗಳಿವೆ. ಇವುಗಳಲ್ಲಿ ಎಷ್ಟು ಪೂರ್ಣ, ಎಷ್ಟು ಎರಡೆರಡು ಎಂದು ನೋಡಿ. ಪೂರ್ಣ ಕಡಿಮೆ ಬಂದರೆ ಜೋಡಣೆಯನ್ನೇ ದೂರಬೇಡಿ, ಈ ಸಣ್ಣ ಪ್ರಾಣಿಗಳು ನಿಜಕ್ಕೂ ಜೀನ್ ಕಳೆದುಕೊಂಡಿವೆ. ಎರಡೆರಡು ಹೆಚ್ಚಿದ್ದರೆ ಎಚ್ಚರ. ಟೊಮ್ಯಾಟೊ-ಮೆಣಸಿನ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಮೆಲೊಯ್ಡೊಗೈನಿ ಇನ್‌ಕಾಗ್ನಿಟಾ ಮಿಶ್ರತಳಿಯಿಂದ ಹುಟ್ಟಿದ್ದು, ಒಂದೊಂದು ಜೀನಿಗೂ ಹಲವು ಪ್ರತಿ. ಒಂದು ಜೀನಿಗೆ ಒಂದು ಪೂರ್ವಜನ ಪ್ರತಿ, ಇನ್ನೊಂದಕ್ಕೆ ಬೇರೆ ಪೂರ್ವಜನ ಪ್ರತಿ ಆಯ್ದರೆ ಎರಡು ವಂಶದ ಕಥೆ ಬೆರೆತ ಮರ ಬರುತ್ತದೆ. ಅಂಥ ಜೀನ್‌ಗಳಿಗೆ ಎಲ್ಲ ಪ್ರತಿಗಳನ್ನೂ ಇಟ್ಟು ಪ್ರತ್ಯೇಕ ಮರ ಕಟ್ಟಿ ನೋಡಿಯೇ ಆಯ್ಕೆ ಮಾಡಿ.

ಆರ್ಥೋಫೈಂಡರ್‌ನಿಂದ ಸಮಾನ ಜೀನ್ ಗುಂಪು, ಮ್ಯಾಫ್ಟ್‌ನಿಂದ ಸಾಲು ಜೋಡಣೆ (ಬೇರೆ ಬೇರೆ ಜಾತಿಗಳ ಒಂದೇ ಜೀನನ್ನು ಸ್ಥಾನಕ್ಕೆ ಸ್ಥಾನ ಸರಿಹೊಂದಿಸುವುದು), ಟ್ರಿಮ್‌ಎಎಲ್‌ನಿಂದ ಸರಿಯಾಗಿ ಹೊಂದದ ಸ್ಥಾನಗಳ ಕತ್ತರಿಕೆ. ಇವು ಯಂತ್ರದ ಕೆಲಸ. ಕತ್ತರಿಸಿದ ಮೇಲೆ ಹತ್ತಿಪ್ಪತ್ತು ಜೀನ್‌ಗಳ ಸಾಲುಗಳನ್ನಾದರೂ ಕಣ್ಣಿನಿಂದ ನೋಡಿ.

ಇನ್ನು ಉದ್ದ ಕೊಂಬೆಗಳ ಸೆಳೆತ. ಬೇಗ ಬದಲಾಗುವ ಎರಡು ವಂಶಗಳು ನಂಟಿಲ್ಲದಿದ್ದರೂ ಮರದಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಸಿ. ಎಲೆಗನ್ಸ್ ಜಂತುಹುಳುವಿನ 18ಎಸ್ ಬಹಳ ಬೇಗ ಬದಲಾಗಿದೆ. ಅದನ್ನಿಟ್ಟು ಕಟ್ಟಿದ ಮರಗಳಲ್ಲಿ ಜಂತುಹುಳು ಬುಡಕ್ಕೆ ಜಾರುತ್ತಿತ್ತು. 1997ರಲ್ಲಿ ನಿಧಾನ ಬದಲಾಗುವ ಇನ್ನೊಂದು ಜಂತುಹುಳು ಟ್ರೈಕಿನೆಲ್ಲಾವನ್ನು ಇಟ್ಟಾಗ ಜಂತುಹುಳು ಕೀಟ-ಏಡಿಗಳ ಪಕ್ಕಕ್ಕೆ ಬಂತು. ಪೊರೆ ಕಳಚುವ ಪ್ರಾಣಿಗಳೆಲ್ಲ ಒಂದೇ ಬಳಗ, ಎಕ್ಡೈಸೊಜೋವಾ, ಎಂಬ ಮಾತು ಹುಟ್ಟಿದ್ದು ಹೀಗೆ. ನೀರುಕರಡಿಯ ಸ್ಥಾನಕ್ಕೂ ಇದೇ ತೊಡಕು: ಕೆಲವು ವಿಶ್ಲೇಷಣೆಗಳಲ್ಲಿ ಅದು ಕೀಟಗಳ ಬಳಗದ ಜೊತೆ, ಕೆಲವದರಲ್ಲಿ ಜಂತುಹುಳುವಿನ ಜೊತೆ.

ಆದ್ದರಿಂದ ಎನ್‌ಸಿಬಿಐ ಎಂಬ ಅಮೆರಿಕದ ಸಾರ್ವಜನಿಕ ಜೀನ್ ಭಂಡಾರದಿಂದ ಹೊರಗಿನ ಜೀನೋಮ್ ಇಳಿಸಿಕೊಳ್ಳುವಾಗ ಹೆಸರುವಾಸಿಯಾದದ್ದನ್ನು ಬಿಟ್ಟು ನಿಧಾನ ಬದಲಾಗುವುದನ್ನು ಹುಡುಕಿ. ಉದ್ದ ಕೊಂಬೆಯನ್ನು ಮುರಿಯುವಂಥ ನಡುವಿನ ಜಾತಿಗಳನ್ನು ಸೇರಿಸಿ. ಐಕ್ಯೂ-ಟ್ರೀಯಲ್ಲಿ ಒಮ್ಮೆ ಅದರದೇ ಮಾಡೆಲ್‌ಫೈಂಡರ್ ಆಯ್ದು ಹೇಳಿದ ಸಾದಾ ಮಾದರಿ (ಅಕ್ಷರಗಳು ಬದಲಾಗುವ ಬಗೆಯ ಲೆಕ್ಕ), ಇನ್ನೊಮ್ಮೆ ಎಲ್‌ಜಿ+ಸಿ60 ತರಹದ, ಸ್ಥಾನಕ್ಕೊಂದು ಸ್ವಭಾವ ಒಪ್ಪುವ ಮಾದರಿ ಓಡಿಸಿ. ಆಮೇಲೆ ಅತಿ ಬೇಗ ಬದಲಾಗುವ ಸ್ಥಾನಗಳನ್ನು ಹಂತಹಂತವಾಗಿ ತೆಗೆದು, ಹೊರಗುಂಪು (ಮರದ ಬುಡ ಗುರುತಿಸಲು ಇಟ್ಟ ದೂರದ ಜಾತಿಗಳು) ಬದಲಿಸಿ, ಮತ್ತೆ ಕಟ್ಟಿ. ಜೀನ್‌ಗಳ ಬಿಡಿ ಮರಗಳಿಂದ ಆಸ್ಟ್ರಲ್ ಎಂಬ ತಂತ್ರಾಂಶದಲ್ಲಿ ಇನ್ನೊಂದು ಮರ ಕಟ್ಟಿ.

ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ದತ್ತಾಂಶವನ್ನು ಮತ್ತೆ ಮತ್ತೆ ಕಲಸಿ ಕಟ್ಟಿದಾಗ ಕವಲಿಗೆ ಸಿಗುವ ನೂರರ ಲೆಕ್ಕದ ಬೆಂಬಲ) 95ಕ್ಕಿಂತ ಕಡಿಮೆ ಇದ್ದ ಕವಲನ್ನು ನಂಬಬೇಡಿ. ನೂರಕ್ಕೆ ನೂರು ಬಂದರೂ ಅದೊಂದನ್ನೇ ನಂಬಬೇಡಿ: ನೂರಾರು ಜೀನ್ ಒಟ್ಟು ಮಾಡಿದಾಗ ಮಾದರಿ ತಪ್ಪಾಗಿದ್ದರೆ ತಪ್ಪು ಕವಲಿಗೂ ನೂರು ಬರುತ್ತದೆ. ಬಿಡಿ ಜೀನ್‌ಗಳಲ್ಲಿ ಎಷ್ಟು ಪಾಲು ಆ ಕವಲನ್ನು ಒಪ್ಪುತ್ತವೆ ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಹಾಕಿ. ಮಾದರಿ ಬದಲಿಸಿದಂತೆಲ್ಲ ಸ್ಥಳ ಬದಲಿಸುವ ಕವಲನ್ನು ಚಿತ್ರದಲ್ಲಿ ಬಿಡಿಸದೆ, ಮೂರು ಕೊಂಬೆ ಒಂದೇ ಕಡೆಯಿಂದ ಹೊರಟಂತೆ ಬರೆಯಿರಿ. ರೀಡುಗಳು, ಪ್ರಾಣಿಯಿಲ್ಲದ ಟ್ಯೂಬಿನ ರೀಡುಗಳು, ಸಾಲು ಜೋಡಣೆ, ಮರದ ಫೈಲು, ಪ್ರಾಣಿಯ ಫೋಟೊ ಎಲ್ಲವನ್ನೂ ಸಾರ್ವಜನಿಕ ಭಂಡಾರಕ್ಕೆ ಒಟ್ಟಿಗೇ ಹಾಕಿ.