ಕೊಳ್ಳಿದೆವ್ವಕ್ಕೆ ಬೆಂಕಿ ಹಚ್ಚಿದ್ದು: ಎರಡು ಮುಕ್ಕಾಲು ಲಕ್ಷದ ಸೂಪರ್‌ಹೀರೋ ಪಿಕ್ಚರ್, ನನ್ನ ಅನುಭವ

ತಲೆಗೆ ಬೆಂಕಿ ಹತ್ಕೊಂಡಿರೋ ಹೀರೋನ ಇಟ್ಕೊಂಡು ಇಪ್ಪತ್ತು ನಿಮಿಷದ ಪಿಕ್ಚರ್ ಮಾಡ್ತೀನಿ ಅಂದಾಗ ನಕ್ಕಿದ್ದವರು ಒಬ್ರಾ ಇಬ್ರಾ. ಬೆಂಗಳೂರಲ್ಲಿ ಒಂದು ಸ್ಟುಡಿಯೋಗೆ ಹೋಗಿ ಕೇಳಿದ್ರೆ ಬರೀ ಬೆಂಕಿ ಶಾಟ್‌ಗಳಿಗೇ ಆರೂವರೆ ಏಳು ಲಕ್ಷ ಅಂದ್ರು, ನಲವತ್ತು ಚಿಲ್ಲರೆ ಶಾಟ್ ಇತ್ತು ನಮ್ದು, ಇನ್ನೊಬ್ರು ಸೀನಿಯರ್ ಅಂತೂ ಸಿಮ್ಯುಲೇಷನ್ (ಕಂಪ್ಯೂಟರಲ್ಲೇ ಬೆಂಕಿ ಹುಟ್ಟಿಸೋದು) ಇಲ್ದೆ ಇದು ಆಗೋ ಕೆಲಸಾನೇ ಅಲ್ಲ ಅಂತ ಬರೆದು ಕೊಡೋ ಥರ ಹೇಳಿದ್ರು. ಈಗ ಪಿಕ್ಚರ್ ಮುಗಿದಿದೆ, ಒಟ್ಟು ಖರ್ಚು ಎರಡು ಮುಕ್ಕಾಲು ಲಕ್ಷದ ಆಸುಪಾಸು, ಆ ಸೀನಿಯರ್ರೇ ಫೋನ್ ಮಾಡಿ ಬೆಂಕಿ ಯಾರ ಹತ್ರ ಮಾಡಿಸ್ದೆ ಅಂತ ಕೇಳಿದ್ರು. ಅದಕ್ಕೇ ಬರೀತಿದೀನಿ.

ಮೊದ್ಲು ನನಗಿದ್ದ ಆಸೆ ಘೋಸ್ಟ್ ರೈಡರ್, ಅಂದ್ರೆ ತಲೆಬುರುಡೆಗೆ ಬೆಂಕಿ ಹತ್ಕೊಂಡಿರೋ ಆ ಅಮೆರಿಕನ್ ಕಾಮಿಕ್ಸ್ ಹೀರೋನ ಮೇಲೆ ಅಭಿಮಾನಕ್ಕೆ ಒಂದು ಫ್ಯಾನ್ ಫಿಲ್ಮ್ ಮಾಡೋದು. ಆದ್ರೆ ಆ ಪಾತ್ರ 1972ರಿಂದ ಮಾರ್ವೆಲ್‌ನೋರ ಕೈಲಿದೆ, ನಾವು ಎಷ್ಟೇ ಚೆನ್ನಾಗಿ ತೆಗೆದ್ರೂ ಮಾರೋ ಹಾಗಿಲ್ಲ, ದುಡ್ಡು ಹಾಕಿದ್ದು ಹಾಕಿದ ಹಾಗೇ. ಆಗ ನೆನಪಾಗಿದ್ದು ನಮ್ಮ ಗೆಳೆಯ ಬರೆದಿದ್ದ ಕಪ್ಪುಬಿಳುಪು ಕಾಮಿಕ್ಸು, ಅರವತ್ತು ಪುಟದ್ದು. ಕೆರೆ ಏರಿ ಮೇಲೆ ಮರಳು ಕಳ್ಳರು ಕೊಂದು ಹಾಕಿದ ಕುರಿ ಕಾಯೋನು ಕೊಳ್ಳಿದೆವ್ವ ಆಗಿ ವಾಪಸ್ ಬರ್ತಾನೆ, ಹೆಗಲ ಮೇಲೆ ಕರಿ ಕಂಬಳಿ, ಕತ್ತಿನ ಮೇಲೆ ಬರೀ ಬೆಂಕಿ. ನಮ್ಮೂರ ಕಡೆ ಕೊಳ್ಳಿದೆವ್ವ ಯಾರಿಗೆ ಗೊತ್ತಿಲ್ಲ ಹೇಳಿ, ಪೀಠಿಕೆನೇ ಬೇಕಾಗಿಲ್ಲ. ಗೆಳೆಯನಾದ್ರೂ ಸ್ಟಾಂಪ್ ಪೇಪರ್ ಮೇಲೆ ಬರೆಸ್ಕೊಂಡೆ, ಹದಿನೈದು ಸಾವಿರ ಕೈಗೆ, ಬಂದ್ರೆ ಲಾಭದಲ್ಲಿ ಪಾಲು. ಕಾಮಿಕ್ಸ್ ತಗೊಂಡು ಪಿಕ್ಚರ್ ಮಾಡೋರು ಈ ಕೆಲಸ ಮೊದ್ಲೇ ಮುಗಿಸಿ, ಆಮೇಲೆ ಸ್ನೇಹನೂ ಹೋಗುತ್ತೆ ಪಿಕ್ಚರೂ ಹೋಗುತ್ತೆ.

ಸಿಮ್ಯುಲೇಷನ್ ನಾನು ಮಾಡಿ ನೋಡ್ಲಿಲ್ಲ ಅಂತಲ್ಲ. ಬ್ಲೆಂಡರ್ ಅನ್ನೋ ಪುಕ್ಕಟೆ 3ಡಿ ಸಾಫ್ಟ್‌ವೇರಲ್ಲಿ ಹೊಗೆ ಬೆಂಕಿ ಮಾಡೋ ಮ್ಯಾಂಟಾಫ್ಲೋ ಇದೆ, ಅದರಲ್ಲಿ ಮೂರು ಸೆಕೆಂಡಿನ ಶಾಟ್ ರಾತ್ರಿ ಬೇಕಿಂಗ್‌ಗೆ (ಲೆಕ್ಕ ಹಾಕಿ ಉಳಿಸೋಕೆ) ಹಾಕಿ ಮಲಗಿದ್ರೆ ಬೆಳಿಗ್ಗೆ ಹಾರ್ಡ್ ಡಿಸ್ಕ್ ಫುಲ್, ಬೆಂಕಿ ನೋಡಿದ್ರೆ ಹತ್ತಿ ಉಂಡೆಗೆ ಕಿತ್ತಳೆ ಬಣ್ಣ ಹಚ್ಚಿದ ಹಾಗೆ. ರೆಸಲ್ಯೂಷನ್ ಏರಿಸೋಣ ಅಂದ್ರೆ ನನ್ನ ಹಳೇ ಮೆಷಿನ್ ಕೈ ಎತ್ತುತ್ತೆ. ಅದಕ್ಕಿಂತ ದೊಡ್ಡ ತಲೆನೋವು, ಬೆಂಕಿ ಕೂರಿಸಿದ್ಮೇಲೂ ಆ ಮನುಷ್ಯ ಕತ್ತಲಲ್ಲೇ ನಿಂತಿದಾನೆ, ಭುಜದ ಮೇಲೆ ಬೆಳಕಿಲ್ಲ, ನೆಲದ ಮೇಲೆ ಬೆಳಕಿಲ್ಲ, ಪಕ್ಕದಲ್ಲಿರೋ ತೆಂಗಿನ ಮರದ ಮೇಲೂ ಇಲ್ಲ. ನೋಡೋರ ಕಣ್ಣು ಮೊದ್ಲು ಹಿಡಿಯೋದೇ ಇದನ್ನ. ಆ ಬೆಳಕು ಸರಿಯಾಗಿದ್ರೆ ಜ್ವಾಲೆ ಸುಮಾರಾಗಿದ್ರೂ ಜನ ನಂಬ್ತಾರೆ, ಅಲ್ಲಿಂದ ಆಚೆಗೆ ನಮ್ಮ ಇಡೀ ಪ್ಲಾನ್ ಇದೊಂದರ ಮೇಲೇ ನಿಂತಿದ್ದು. ಬೆಳಕನ್ನ ಸ್ಪಾಟಲ್ಲೇ ನಿಜವಾಗಿ ಶೂಟ್ ಮಾಡೋದು, ನಿಜವಾದ ಬೆಂಕಿನ ಬೇರೆ ಕಡೆ ಶೂಟ್ ಮಾಡಿ ಆಮೇಲೆ ಮೇಲೆ ಕೂರಿಸೋದು.

ಹಳೇ ಹೆಲ್ಮೆಟ್ ಒಂದನ್ನ ಕುಯ್ದು, ಮೇಲೆ ಇವಿಎ ಫೋಮಲ್ಲಿ ಬುರುಡೆ ಮಾಡಿ, ಸುತ್ತ ಡಬ್ಲ್ಯೂಎಸ್2812ಬಿ ಸ್ಟ್ರಿಪ್ (ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದಾದ ಪಟ್ಟಿ) ಸುತ್ತಿದ್ವಿ, ಮೀಟರಿಗೆ ಅರವತ್ತು ಎಲ್‌ಇಡಿ ಇರೋದು, ಎರಡು ಮೀಟರ್ ಆಯ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಸ್ಟ್ರಿಪ್ಪು, ಅದನ್ನ ಕುಣಿಸೋ ಪುಟ್ಟ ಕಂಟ್ರೋಲರ್ ಬೋರ್ಡ್ ಆರ್ಡುಯಿನೋ ನ್ಯಾನೋ, ಸೆಲ್ಲು, ವೈರು ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಪವರ್ ಬ್ಯಾಂಕಲ್ಲಿ ನಡೆಸೋಣ ಅಂತ ಹೋದ್ರೆ ಎರಡು ಆಂಪ್ ದಾಟಿದ ತಕ್ಷಣ ಅದು ಕಟ್, ಹೀರೋ ಶಾಟ್ ಮಧ್ಯದಲ್ಲಿ ಆರಿಹೋಗ್ತಿದ್ದ. ಕೊನೆಗೆ 18650 ಅನ್ನೋ ಲಿಥಿಯಂ ಸೆಲ್ ಪ್ಯಾಕ್ ಸೊಂಟಕ್ಕೆ ಕಟ್ಟಿ, ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್ ಹಾಕಿ ಐದು ವೋಲ್ಟ್ ಕೊಟ್ವಿ. ಪೂರ್ತಿ ಬಿಳಿ ಹೊತ್ತಿಸಿದ್ರೆ ಏಳು ಆಂಪ್ ಮೇಲೆ ಎಳೆಯುತ್ತೆ, ಆದ್ರೆ ನಮಗೆ ಬೇಕಾಗಿದ್ದು ಕೆಂಪು ಪೂರ್ತಿ, ಹಸಿರು ಸ್ವಲ್ಪ, ನೀಲಿ ಸೊನ್ನೆ, ಮೂರು ಚಿಲ್ಲರೆ ಆಂಪಲ್ಲಿ ಮುಗೀತು. ವೋಲ್ಟೇಜ್ ಇಳಿದಾಗ ಸ್ಟ್ರಿಪ್ಪಿನ ಕೊನೆ ಕೆಂಪಗಾಗುತ್ತೆ ಅಂತ ಎಲ್ರೂ ಬೈಕೋತಾರಲ್ಲ, ಬೆಂಕಿ ಕೆಲಸಕ್ಕೆ ಅದು ವರ ಕಣ್ರೀ.

ಇಂಥ ಸ್ಟ್ರಿಪ್ ನಡೆಸೋಕೆ ಇರೋ ರೆಡಿಮೇಡ್ ಕೋಡ್, ಫಾಸ್ಟ್‌ಎಲ್‌ಇಡಿ ಲೈಬ್ರರಿ, ಅದರ ಜೊತೆ ಬರೋ ಬೆಂಕಿ ಪ್ರೋಗ್ರಾಮನ್ನ ಇದ್ದ ಹಾಗೇ ಹಾಕಿದ್ರೆ ಆರ್ಕೆಸ್ಟ್ರಾ ಲೈಟ್ ಥರ ಕುಣಿಯುತ್ತೆ. ಕೂಲಿಂಗ್ (ಜ್ವಾಲೆ ಎಷ್ಟು ಬೇಗ ತಣ್ಣಗಾಗ್ಬೇಕು), ಸ್ಪಾರ್ಕಿಂಗ್ (ಎಷ್ಟು ಸಲ ಕಿಡಿ ಏಳ್ಬೇಕು) ಎರಡೂ ನಂಬರ್ ಬದಲಾಯಿಸ್ಬೇಕು, ನಾನಿಟ್ಟ ನಂಬರ್ ಹೇಳಲ್ಲ, ಒಂದು ರಾತ್ರಿ ನಿಜವಾದ ಪಂಜು ಪಕ್ಕದಲ್ಲಿ ಇಟ್ಕೊಂಡು ಕೂತ್ರೆ ನಿಮಗೂ ಸಿಗುತ್ತೆ. ಬೆಳಕು ಹರಡೋಕೆ ಸ್ಟ್ರಿಪ್ ಮೇಲೆ ಮುಚ್ಚೋ ಡಿಫ್ಯೂಷನ್ ಏನು ಅನ್ನೋದನ್ನೂ ಹೇಳಲ್ಲ, ಪ್ರಾವಿಷನ್ ಸ್ಟೋರಲ್ಲಿ ಸಿಗೋ ಸಾಮಾನು ಅಂತ ಮಾತ್ರ ತಿಳ್ಕೊಳಿ.

ಬುರುಡೆಗೆ ಮೊದ್ಲು ಬಿಳಿ ಬಣ್ಣ ಹೊಡೆದಿದ್ವಿ, ಬುರುಡೆ ಅಂದ್ರೆ ಬಿಳಿ ಅಲ್ವಾ ಅಂತ. ಎಲ್‌ಇಡಿ ಬೆಳಕು ಅದರ ಮೇಲೆ ಬಿದ್ದು ಕಣ್ಣು ಮೂಗು ಎಲ್ಲ ಸಪಾಟು, ಬಲ್ಬ್ ಥರ ಕಾಣ್ಸೋದು. ಘೋಸ್ಟ್ ರೈಡರಲ್ಲೂ 2007ರ ಮೊದಲ ಪಿಕ್ಚರಲ್ಲಿ ಬುರುಡೆ ಬೆಳ್ಳಗಿದೆ, ಮುಂದಿನ ಭಾಗದಲ್ಲಿ ಸುಟ್ಟು ಕರಕಲಾಗಿದೆ, ಎರಡೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಕರಕಲೇ ಗೆಲ್ಲುತ್ತೆ, ಜ್ವಾಲೆ ಅದರ ಮುಂದೆ ಎದ್ದು ಕಾಣುತ್ತೆ. ನಾವೂ ಮಸಿ ಬಳಿದ್ವಿ, ಒಂದೇ ಮಧ್ಯಾಹ್ನದಲ್ಲಿ ಸಮಸ್ಯೆ ಹೋಯ್ತು.

ಶೂಟಿಂಗ್ ತಿಪಟೂರು ಹತ್ರ ಒಂದು ತೆಂಗಿನ ತೋಟ, ಕೆರೆ ಏರಿ, ರಾಗಿ ಕುಯ್ದಿದ್ದ ಹೊಲ. ಚಂದ್ರನ ಬೆಳಕಿಗೆ ಎಲ್‌ಇಡಿ ಪ್ಯಾನೆಲ್ ಎತ್ತರಕ್ಕೆ ಕಟ್ಟಿದ್ವಿ, ಅದಕ್ಕೆ ಜನರೇಟರ್ ಬಾಡಿಗೆ ರಾತ್ರಿಗೆ ಮೂರು ಸಾವಿರ. ಮೊದಲ ರಾತ್ರಿ ಪೂರ್ತಿ ಫುಟೇಜ್ ದಂಡ. ಕರೆಂಟಿನ ಐವತ್ತು ಹರ್ಟ್ಸಿಗೆ ಹೊಂದ್ಲಿ ಅಂತ ಶಟರ್ ಸೆಕೆಂಡಿನ 1/50 ಇಟ್ಟಿದ್ದೀವಿ, ಆದ್ರೂ ಬ್ಯಾಂಡಿಂಗ್, ಅಂದ್ರೆ ಚಿತ್ರದ ಮೇಲೆ ಕಪ್ಪು ಪಟ್ಟೆ, ಯಾಕಂದ್ರೆ ಆ ಜನರೇಟರ್ ಐವತ್ತು ಹರ್ಟ್ಸಲ್ಲಿ ನಿಂತ್ರೆ ತಾನೇ, ಲೋಡ್ ಬಿದ್ದಾಗಲೆಲ್ಲ ಏರೋದು ಇಳಿಯೋದು. ಆ ಒಂದು ರಾತ್ರಿಗೆ ಊಟ, ಗಾಡಿ, ಆರ್ಟಿಸ್ಟು ಅಂತ ಹದಿನೆಂಟು ಇಪ್ಪತ್ತು ಸಾವಿರ ಹೋಯ್ತು. ಆಮೇಲೆ ಜನರೇಟರ್ ಸಹವಾಸಾನೇ ಬಿಟ್ಟು ತೋಟದ ಮನೆ ಯುಪಿಎಸ್ಸು, ಎರಡು ಟ್ಯೂಬುಲರ್ ಬ್ಯಾಟರಿ ಹೊತ್ಕೊಂಡು ಬಂದ್ವಿ, ಒಂದು ರಾತ್ರಿಗೆ ಸಾಕಾಗ್ತಿತ್ತು.

ಕಂಬಳಿ ಇನ್ನೊಂದು ಕಾಟ. ಕಾಮಿಕ್ಸಲ್ಲಿ ಕರಿ ಕಂಬಳಿ ಅಂಚಿಗೆ ಬಿಳಿ ಗೆರೆ ಎಳೆದು ಬಿಟ್ಟಿದಾನೆ ಪುಣ್ಯಾತ್ಮ, ಎಷ್ಟು ಚೆಂದ ಕಾಣುತ್ತೆ. ನಿಜವಾದ ಕುರಿ ಕಂಬಳಿ ಬೆಳಕನ್ನ ನುಂಗುತ್ತೆ, ರಾತ್ರಿ ಶಾಟಲ್ಲಿ ಮೈಯೇ ಮಾಯ, ಬರೀ ತಲೆ ತೇಲ್ತಿದೆ. ನೀರು ಚಿಮುಕಿಸಿದ್ವಿ, ಹತ್ತು ನಿಮಿಷಕ್ಕೆ ಹೀರ್ಕೊಂಡು ಕಂಬಳಿ ಭಾರ ಆಯ್ತು, ಆರ್ಟಿಸ್ಟ್ ಚಳಿಗೆ ನಡುಗ್ತಾ ನಿಂತಿದ್ದ. ಗ್ಲಿಸರಿನ್ ಸೇರಿಸಿ ಅಂಚಿಗೆ ಮಾತ್ರ ಹೊಡೆದಾಗ ಹೊಳಪು ನಿಂತ್ಕೊಂತು. ಹಿಂದಿನಿಂದ ಒಂದು ಸಣ್ಣ ಲೈಟು ಕೊಟ್ರೆ ಕಾಮಿಕ್ಸಿನ ಗೆರೆನೇ.

ಇನ್ನು ಬೆಂಕಿ. ಚಿಕ್ಕಪೇಟೆಯಿಂದ ಕಪ್ಪು ವೆಲ್ವೆಟ್ ತಂದು ದೂರಕ್ಕೆ ಕಟ್ಟಿ, ಕೋಳಿ ಜಾಲರಿಯಲ್ಲಿ ತಲೆ ಆಕಾರ ಮಾಡಿ ಹತ್ತಿ ಬಟ್ಟೆ ಸುತ್ತಿ ಹಚ್ಚಿದ್ವಿ. ಸ್ಪಿರಿಟ್ ಹಾಕಿದ್ರೆ ಜ್ವಾಲೆ ಕ್ಯಾಮೆರಾಗೆ ಕಾಣ್ಸೋದೇ ಇಲ್ಲ. ಅದಕ್ಕೆ ಉಪ್ಪು ಬೆರೆಸಿ ನೋಡಿದೆ, ಹಳದಿ ಬಂತು, ಆದ್ರೆ ಹಳೇ ಬೀದಿದೀಪದ ಬಣ್ಣ, ಬೆಂಕಿ ಅನ್ಸಲ್ಲ. ದೀಪದೆಣ್ಣೆ ಸೋಮಾರಿ ಥರ ಉರಿಯುತ್ತೆ. ಕರ್ಪೂರ ಹೊಳಪು ಚೆನ್ನಾಗಿದೆ, ಮಸಿ ಜಾಸ್ತಿ, ಖರ್ಚೂ ಜಾಸ್ತಿ. ಸೀಮೆಎಣ್ಣೆನೇ ಸರಿ, ಈಗ ಸಿಗೋದೇ ಕಷ್ಟ, ಹೇಗೋ ಐದು ಲೀಟರ್ ಹೊಂದಿಸ್ದೆ. ಪೆಟ್ರೋಲ್ ಮುಟ್ಟಲೇಬೇಡಿ. ಒದ್ದೆ ಗೋಣಿಚೀಲ, ಮರಳು ಬಕೆಟ್, ಬೋರ್‌ವೆಲ್ ಪೈಪ್ ಆನ್ ಇಟ್ಕೊಂಡೇ ಮಾಡಿದ್ದು, ಆರ್ಟಿಸ್ಟ್ ಯಾರೂ ನಿಜವಾದ ಬೆಂಕಿ ಹತ್ರಕ್ಕೂ ಬರ್ಲಿಲ್ಲ. ಒಣಗಿದ ತೆಂಗಿನ ಗರಿ ಹಚ್ಚಿದ್ರೆ ಭಗ್ ಅಂತ ಏಳೋದನ್ನೂ ಬೇರೆಯಾಗಿ ತಗೊಂಡ್ವಿ, ಹೀರೋಗೆ ಸಿಟ್ಟು ಬಂದಾಗ ಅದೇ ಉಪಯೋಗ.

ಎಕ್ಸ್‌ಪೋಷರ್ ಚೆನ್ನಾಗಿ ಇಳಿಸಿ, ಇಲ್ಲಾಂದ್ರೆ ಜ್ವಾಲೆ ಮಧ್ಯ ಬಿಳಿಯಾಗಿ ಸುಟ್ಟು ಹೋಗುತ್ತೆ, ಆಮೇಲೆ ಬಣ್ಣ ತಿದ್ದೋ ಗ್ರೇಡಿಂಗಲ್ಲಿ ವಾಪಸ್ ಬರಲ್ಲ. ಸೆಕೆಂಡಿಗೆ 120 ಫ್ರೇಮಲ್ಲಿ ತೆಗೆದಿದ್ದನ್ನ ಪೂರ್ತಿ ನಿಧಾನ ಮಾಡಿದ್ರೆ ಬೆಟ್ಟಕ್ಕೆ ಬೆಂಕಿ ಬಿದ್ದ ಹಾಗೆ ಕಾಣುತ್ತೆ, ತಲೆ ಸೈಜಿಗೆ 50ರದ್ದೇ ಹೊಂದಿದ್ದು. ಓಡೋ ಶಾಟಿಗೆ ಟೇಬಲ್ ಫ್ಯಾನ್ ಇಟ್ಟು ಜ್ವಾಲೆ ಹಿಂದಕ್ಕೆ ವಾಲಿಸಿ ತಗೊಂಡಿದ್ದು. ಎಡ, ಬಲ, ಎದುರು, ಹಿಂದೆ ಅಂತ ಸಣ್ಣದೊಂದು ಲೈಬ್ರರಿನೇ ಆಯ್ತು, ಮುಂದಿನ ಪಿಕ್ಚರಿಗೂ ಅದೇ ಬಂಡವಾಳ. ಬುರುಡೆ ಮೇಲಿನ ಮಾರ್ಕರ್ (ಗುರುತಿನ ಚುಕ್ಕಿ) ಹಿಡ್ಕೊಂಡು ತಲೆ ಎಲ್ಲಿ ಹೋಗುತ್ತೋ ಅಲ್ಲಿಗೆ ಜ್ವಾಲೆ ಹೋಗೋ ಹಾಗೆ ಬ್ಲೆಂಡರಲ್ಲೇ ಟ್ರ್ಯಾಕಿಂಗ್, ಆಮೇಲೆ ಕಪ್ಪು ಮಾಯ ಆಗಿ ಬರೀ ಬೆಂಕಿ ಉಳಿಸೋ ಸ್ಕ್ರೀನ್ ಮೋಡಲ್ಲಿ ಜ್ವಾಲೆಯ ಮೂರು ಪದರ. ಎಲ್‌ಇಡಿ ಕುಣಿತಕ್ಕೂ ಜ್ವಾಲೆ ಕುಣಿತಕ್ಕೂ ಹೊಂದಿಕೆ ಆಗಲ್ವಲ್ಲ ಅಂತ ಎಲ್ರೂ ಹೆದರಿಸಿದ್ರು. ಒಬ್ಬ ಪ್ರೇಕ್ಷಕನೂ ಕಂಡುಹಿಡೀಲಿಲ್ಲ.

ಕೆರೆ ಶಾಟ್ ಮಾತ್ರ ಕೈ ಕೊಟ್ಟಿತ್ತು. ನೀರಲ್ಲಿ ಪ್ರತಿಬಿಂಬ ಪುಕ್ಕಟೆ ಬರುತ್ತೆ ಅಂತ ಖುಷಿಯಲ್ಲಿದ್ವಿ, ನೋಡಿದ್ರೆ ನೀರಲ್ಲಿ ಜ್ವಾಲೆ ಇಲ್ಲ, ಸಾಲು ಸಾಲು ಚುಕ್ಕಿ. ಜ್ವಾಲೆನ ತಲೆಕೆಳಗು ಮಾಡಿ, ಅದೇ ನೀರಿನ ಅಲೆನ ಡಿಸ್‌ಪ್ಲೇಸ್‌ಮೆಂಟಿಗೆ (ಚಿತ್ರನ ಅಲೆ ಥರ ಅಲುಗಿಸೋ ಎಫೆಕ್ಟ್) ಕೊಟ್ಟು ಚುಕ್ಕಿ ಮೇಲೆ ಕೂರಿಸ್ದೆ. ಆರು ಸೆಕೆಂಡ್ ಶಾಟಿಗೆ ಹತ್ತಿರ ಹತ್ತಿರ ಎರಡು ವಾರ. ಈಗ ಎಲ್ರೂ ಮೆಚ್ಚೋದು ಅದನ್ನೇ, ಟ್ರೇಲರ್ ಥಂಬ್‌ನೇಲೂ ಅದೇ.

ಕಾಮಿಕ್ಸಿಂದ ಹಾಗೇ ಎತ್ತಿದ ಫ್ರೇಮ್‌ಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಬರ್ಲಿಲ್ಲ. ಪೂರ್ತಿ ಪುಟದ ಹೀರೋ ಚಿತ್ರ ಓದುವಾಗ ರೋಮಾಂಚನ, ಪರದೆ ಮೇಲೆ ಎರಡು ಸೆಕೆಂಡ್ ದಾಟಿದ್ರೆ ಆಕಳಿಕೆ. ಅವನ ಮನಸ್ಸಿನ ಮಾತು ಪುಟ ಪುಟ ಇತ್ತು, ವಾಯ್ಸ್‌ಓವರ್ ರೆಕಾರ್ಡ್ ಮಾಡಿ ಹಾಕಿ ನೋಡಿ ಪೂರ್ತಿ ಕಿತ್ತು ಹಾಕಿದೆ, ಗೆಳೆಯ ಒಂದು ತಿಂಗಳು ಮಾತಾಡ್ಲಿಲ್ಲ. ಮುಖ ಕಾಣದ ಹೀರೋ ಮಾತೂ ಆಡದಿದ್ರೆ ಉಳಿಯೋದು ನಡಿಗೆ ಒಂದೇ, ಹಾಗಾಗಿ ಮಾಸ್ಕ್ ಒಳಗೆ ಡ್ಯೂಪ್ ನಿಲ್ಲಿಸಿದ್ದು ದಂಡ ಆಯ್ತು, ಕುರಿ ಕಾಯೋನ ಪಾತ್ರ ಮಾಡಿದ ಹುಡುಗನೇ ಬೇಕಾಯ್ತು. ಹಾಲಿವುಡ್ಡಲ್ಲೂ ಘೋಸ್ಟ್ ರೈಡರ್ ಎರಡನೇ ಭಾಗಕ್ಕೆ ನಿಕೋಲಸ್ ಕೇಜ್ ತಾನೇ ಮುಖಕ್ಕೆ ಬುರುಡೆ ಬಣ್ಣ ಬಳ್ಕೊಂಡು ಸೆಟ್ಟಿಗೆ ಬರ್ತಿದ್ನಂತೆ. ನಮ್ಮ ಹುಡುಗನಿಗೆ ಒಳಗೆ ಸೆಕೆ, ಕಣ್ಣು ಕಾಣಲ್ಲ, ಕಂಪ್ಯೂಟರಿನ ಪುಟ್ಟ ಫ್ಯಾನ್ ಒಂದು ಹಾಕಿಕೊಟ್ವಿ, ಗುಯ್ ಅಂತ ಸದ್ದು ಮಾಡ್ತಿತ್ತು, ಹೇಗೂ ಡಬ್ಬಿಂಗ್ ಇತ್ತಲ್ಲ.

ದುಡ್ಡಿನ ಲೆಕ್ಕ ಕೇಳೋರಿಗೆ, ಊಟ ಗಾಡಿಗೇ ತೊಂಬತ್ತು ಸಾವಿರ ಹತ್ರ, ಆರ್ಟಿಸ್ಟ್ ಟೆಕ್ನಿಷಿಯನ್ ಎಪ್ಪತ್ತು, ಸೌಂಡು ಮ್ಯೂಸಿಕ್ಕು ಐವತ್ತು, ಬೆಂಕಿ ಸಂಬಂಧಪಟ್ಟಿದ್ದು ಎಲ್ಲ ಸೇರಿಸಿದ್ರೂ ಇಪ್ಪತ್ತೆರಡು ಇಪ್ಪತ್ಮೂರು ಸಾವಿರ. ಉಳಿದಿದ್ದು ಚಿಲ್ಲರೆ ಪಲ್ಲರೆ, ಲೆಕ್ಕ ಇಟ್ಟಿಲ್ಲ.

ಮುಂದಿನ ಭಾಗದಲ್ಲಿ ಮಳೆ ಫೈಟ್ ಇದೆ. ಸಿಲಿಕಾನ್ ಕವರ್ ಇರೋ ಸ್ಟ್ರಿಪ್ ತಂದಿದೀನಿ, ನೀರಿಗೆ ಏನೂ ಆಗ್ತಿಲ್ಲ, ಆದ್ರೆ ಬಿಸಿ ಒಳಗೇ ಉಳ್ಕೊಂಡು ಬಿಡ್ತಿದೆ, ಹತ್ತು ನಿಮಿಷಕ್ಕೆ ಹೆಲ್ಮೆಟ್ ತೆಗೀಲೇಬೇಕು. ತಲೆ ಮೇಲೆ ಬಿದ್ದ ಹನಿ ಹಬೆಯಾಗೋದನ್ನ ಕಾದ ಕಾವಲಿ ಮೇಲೆ ನೀರು ಚಿಮುಕಿಸಿ ವೆಲ್ವೆಟ್ ಮುಂದೆ ತಗೊಂಡಿದೀನಿ, ಎರಡು ಟೆಸ್ಟ್ ಶಾಟಲ್ಲಿ ಕೂತಿದೆ, ಮೂರನೇದ್ರಲ್ಲಿ ಗಾಳಿ ದಿಕ್ಕು ಉಲ್ಟಾ.